ನನ್ನ ಚಿತ್ರಗಳ ಹಿಂದೆ

ನನ್ನ ಚಿತ್ರದ ಹೆಂಗಸರೆಲ್ಲ ಯಾಕೆ ಬೆನ್ನು ತಿರುಗಿಸಿ ನಿಂತಿರುತ್ತಾರೆ ಅಂತ ತುಂಬಾ ಜನ ಕೇಳುತ್ತಾರೆ. ಕೊಡವ ಸೀರೆಯ ನೆರಿಗೆ ಇರುವುದೇ ಹಿಂದೆ ಅಲ್ವಾ! ಅಜ್ಜಿ ಐನ್‌ಮನೆಯ, ಅಂದರೆ ನಮ್ಮ ಕುಟುಂಬದ ಮೂಲಮನೆಯ, ಮೆಟ್ಟಿಲು ಹತ್ತುವಾಗ ಆ ನೆರಿಗೆಗಳು ಒಂದೊಂದಾಗಿ ಬಿಚ್ಚಿಕೊಂಡು ಮತ್ತೆ ಕೂಡಿಕೊಳ್ಳುತ್ತಿದ್ದವು. ಗೆರೆ ಎಳೆಯುವುದನ್ನು ನಾನು ಕಲಿತದ್ದು ಅದನ್ನು ನೋಡಿಯೇ.

ಬಿಳಿ ಬಣ್ಣ ಮಾತ್ರ ಕಾಫಿ ತೋಟದ್ದು. ಮಾರ್ಚ್-ಏಪ್ರಿಲ್‌ನಲ್ಲಿ ಹೂಮಳೆ (ಕಾಫಿ ಮೊಗ್ಗು ಅರಳಿಸುವ ಮಳೆ) ಬಿದ್ದು 8-10 ದಿನಕ್ಕೆ ರೊಬಸ್ಟಾ ಗಿಡದ ಕೊಂಬೆಯುದ್ದಕ್ಕೂ ಹೂವು. ಹತ್ತಿರದಿಂದ ನೋಡಿದರೆ ಬಿಳಿಯೊಳಗೆ ತೆಳು ಹಸಿರು, ನೆರಳಲ್ಲಿ ಸ್ವಲ್ಪ ನೀಲಿ. ಎರಡು ಮೂರು ದಿನದಲ್ಲಿ ಎಲ್ಲ ಕಂದು. ಅಷ್ಟರಲ್ಲಿ ಆ ಬಣ್ಣ ಹಿಡಿಯಬೇಕು. ಮಡಿಕೇರಿಯ ಮಂಜು ಬರೆದುಕೊಡಿ ಅನ್ನುವವರೇ ಜಾಸ್ತಿ. ಬರೆಯುತ್ತೇನೆ. ಆದರೆ ಮನಸ್ಸು ಓಡುವುದು ಹೂವಿನ ಕಡೆಗೇ.