ಹಿಮ ಕರಗಿತು, ಮಣ್ಣಿಗೆ ಇನ್ನೂ ಹದ ಬಂದಿಲ್ಲ

ಏಪ್ರಿಲ್ 6, 2025, ಭಾನುವಾರ
ಮಿನಿಯಾಪೊಲಿಸ್

ಯುಗಾದಿ ಕಳೆದು ವಾರವಾಯಿತು. ಇಲ್ಲಿ ಲೈಲ್ಯಾಕ್ ಹೂಗಿಡದ ಮೊಗ್ಗು ಈಗಷ್ಟೇ ದಪ್ಪಗಾಗುತ್ತಿದೆ, ಉತ್ತರದ ಗೋಡೆಯ ಬುಡದಲ್ಲಿ ಹಿಮ ಕೂತೇ ಇದೆ. ನಾಲ್ಕು ದಿನ ಬಿಸಿಲು ಬಿದ್ದರೆ ಸಾಕು, ಎಲೆ ಬಾಚುವ ರೇಕ್ ಹಿಡಿದು ಹಿತ್ತಲಿಗೆ ಇಳಿಯೋಣ ಅನ್ನಿಸುತ್ತದೆ. ದಯವಿಟ್ಟು ತಡೆಯಿರಿ.

ಮೇಲಿನ ಮಣ್ಣು ಕರಗಿದ್ದರೂ ಕೆಳಗಿನದು ಇನ್ನೂ ಹೆಪ್ಪುಗಟ್ಟಿರಬಹುದು. ನೀರಿಗೆ ಇಳಿಯಲು ದಾರಿಯಿಲ್ಲ, ಹಾಗಾಗಿ ನೆಲ ಪಚಪಚ ಅನ್ನುತ್ತದೆ. ಅದರ ಮೇಲೆ ಓಡಾಡಿದರೆ ಮಣ್ಣಿನೊಳಗಿನ ಗಾಳಿ ಹೊರಬಿದ್ದು, ಒಣಗಿದ ಮೇಲೆ ನೆಲ ಇಟ್ಟಿಗೆಯಂತಾಗುತ್ತದೆ. ಬೇಸಿಗೆಯಿಡೀ ಬೇರು ಇಳಿಯಲು ತಿಣುಕುತ್ತದೆ. ಮೂರು ಇಂಚು ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ, ಹೆಬ್ಬೆರಳಲ್ಲಿ ಒತ್ತಿ ನೋಡಿ. ಪುಡಿಯಾಗಿ ಉದುರಿದರೆ ಹದ ಬಂದಿದೆ. ಮುದ್ದೆಯ ಹಾಗೆ ಅಂಟಿಕೊಂಡು ಬೆರಳಿನ ಗುರುತು ಉಳಿದರೆ ಇನ್ನೂ ಕೆಲವು ದಿನ ಕಾಯಬೇಕು.

ಚಳಿಗಾಲದಲ್ಲಿ ಹಿಮ ಗುಡ್ಡೆ ಹಾಕಿದ್ದ ಕಡೆ ಹುಲ್ಲು ನೆಲಕ್ಕೆ ಅಂಟಿ, ಮೇಲೆ ಜೇಡರಬಲೆಯಂಥ ಬೂಷ್ಟು ಕಾಣುತ್ತದೆ. ಬಗ್ಗಿ ನೋಡಿ. ಸತ್ತ ಎಸಳುಗಳ ಮೇಲೆ ಸಾಸಿವೆಯಷ್ಟು ಚಿಕ್ಕ ಕಂದು ಕಾಳುಗಳಿದ್ದರೆ ಅದು ಬೂದು ಬೂಷ್ಟು. ಅದು ಸಾಮಾನ್ಯವಾಗಿ ಎಸಳನ್ನಷ್ಟೇ ಕೊಲ್ಲುತ್ತದೆ, ಬುಡ ಚಿಗುರುತ್ತದೆ. ನಸುಗೆಂಪು ಬೂಷ್ಟು ಹಾಗಲ್ಲ, ಬುಡವನ್ನೂ ತಿನ್ನಬಹುದು. ಈಗ ಶಿಲೀಂಧ್ರನಾಶಕ ಹೊಡೆದು ಪ್ರಯೋಜನವಿಲ್ಲ, ರೋಗ ತನ್ನ ಕೆಲಸ ಮುಗಿಸಿಯಾಗಿದೆ. ಹುಲ್ಲು ಒಣಗಿದ ದಿನ ಎಲೆ ಗುಡಿಸುವ ಹಗುರ ರೇಕಿನಿಂದ ತಲೆ ಬಾಚಿದ ಹಾಗೆ ಮೇಲೆಮೇಲೆ ಎಬ್ಬಿಸಿ, ಗಾಳಿ ಆಡಲಿ. ಕಬ್ಬಿಣದ ಗಟ್ಟಿ ರೇಕ್ ಬೇಡ, ಬುಡಸಮೇತ ಕಿತ್ತು ಬರುತ್ತದೆ.

ಗೊಬ್ಬರಕ್ಕೂ ಅವಸರ ಬೇಡ. ನಮ್ಮ ರಾಜ್ಯ ಮಿನಸೋಟದಲ್ಲಿ ಬೇರೂರಿದ ಹುಲ್ಲಿಗೆ ರಂಜಕ (ಫಾಸ್ಫರಸ್) ಇರುವ ಗೊಬ್ಬರ ಹಾಕುವುದಕ್ಕೆ ಕಾನೂನಿನ ನಿರ್ಬಂಧವಿದೆ. ಕೊರತೆಯಿದೆಯೆಂದು ಮಣ್ಣಿನ ಪರೀಕ್ಷೆ ತೋರಿಸಿದರೆ ಮಾತ್ರ ಹಾಕಬಹುದು. ಕ್ರ್ಯಾಬ್‌ಗ್ರಾಸ್ ಕಳೆ ಮೊಳೆಯದಂತೆ ತಡೆಯುವ ಹರಳುಗಳನ್ನು ಹಾಕುವವರು ಮಣ್ಣಿಗೆ ಥರ್ಮಾಮೀಟರ್ ಚುಚ್ಚಿ ನೋಡಿ: ಎರಡು ಇಂಚು ಆಳದಲ್ಲಿ ಬೆಳಗಿನ ಹೊತ್ತು 10ರಿಂದ 13 ಡಿಗ್ರಿ ಸೆಲ್ಸಿಯಸ್ ಬರಬೇಕು. ಅದೇ ಜಾಗಕ್ಕೆ ಹುಲ್ಲಿನ ಬೀಜ ಎರಚಬೇಡಿ. ಕಳೆಯನ್ನು ತಡೆಯುವ ಮದ್ದು ಸಾಮಾನ್ಯವಾಗಿ ಹುಲ್ಲಿನ ಮೊಳಕೆಯನ್ನೂ ತಡೆಯುತ್ತದೆ.

ಕತ್ತರಿ ಹಿಡಿಯುವ ಮುನ್ನ ಗಿಡ ಯಾವುದೆಂದು ನೋಡಿಕೊಳ್ಳಿ. ಶಂಕುವಿನಾಕಾರದ ಗೊಂಚಲು ಬಿಡುವ ಪ್ಯಾನಿಕಲ್ ಹೈಡ್ರೇಂಜವನ್ನು ಈಗ ಸವರಬಹುದು, ಅದು ಹೊಸ ಚಿಗುರಿನಲ್ಲಿ ಹೂ ಬಿಡುತ್ತದೆ. ಲೈಲ್ಯಾಕ್ ಹೋದ ವರ್ಷವೇ ಮೊಗ್ಗು ಕಟ್ಟಿಕೊಂಡಿರುತ್ತದೆ. ಈಗ ಸವರಿದರೆ ಈ ಸಲದ ಹೂವನ್ನೇ ಕತ್ತರಿಸಿದ ಹಾಗೆ. ಓಕ್ ಮರವನ್ನಂತೂ ಏಪ್ರಿಲ್‌ನಿಂದ ಜುಲೈವರೆಗೆ ಮುಟ್ಟಲೇಬಾರದು. ಹಸಿ ಗಾಯದ ವಾಸನೆಗೆ ಬರುವ ಜೀರುಂಡೆಗಳು ಮರ ಬಾಡಿಸುವ ಓಕ್ ವಿಲ್ಟ್ ರೋಗ ತರುತ್ತವೆ, ಕೆಂಪು ಓಕ್ ಅದೇ ಬೇಸಿಗೆಯಲ್ಲಿ ಸಾಯಬಹುದು. ಬಿರುಗಾಳಿಗೆ ಕೊಂಬೆ ಮುರಿದರೆ ಗಾಯಕ್ಕೆ ಆ ಕ್ಷಣವೇ ಬಣ್ಣ ಬಳಿಯಬೇಕು. ಇದೊಂದನ್ನು ಅಕ್ಕಪಕ್ಕದವರಿಗೂ ಹೇಳಿ, ಏಕೆಂದರೆ ಒಂದಕ್ಕೊಂದು ಅಂಟಿಕೊಂಡ ಬೇರುಗಳ ಮೂಲಕ ರೋಗ ಮರದಿಂದ ಮರಕ್ಕೆ ದಾಟುತ್ತದೆ.

ಹೊರಗಿನ ನಲ್ಲಿ ತೆರೆಯುವಾಗ ಒಬ್ಬರು ಬೇಸ್‌ಮೆಂಟಿನಲ್ಲಿ ನಿಂತಿರಲಿ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಪೈಪ್ ಒಡೆದಿದ್ದರೆ ನೀರು ಸುರಿಯುವುದು ಅಲ್ಲೇ.

ಟೊಮೆಟೊ ಬೀಜವನ್ನು ಈ ವಾರ ಒಳಗೆ ದೀಪದ ಕೆಳಗೆ ಹಾಕಿದರೆ ಮೇ ಕೊನೆಗೆ ಸಸಿ ಸಿದ್ಧ. ಕರಿಬೇವಿನ ಕುಂಡ ಮಾತ್ರ ಕಿಟಕಿಯ ಬಳಿಯೇ ಇರಲಿ. ರಾತ್ರಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುವುದು ನಿಂತ ಮೇಲೆ ಹೊರಗಿಡಿ, ಮೊದಲ ವಾರ ನೆರಳಿನಲ್ಲಿ. ಆರು ತಿಂಗಳು ಗಾಜಿನ ಹಿಂದಿದ್ದ ಎಲೆ ನೇರ ಬಿಸಿಲಿಗೆ ಬಿಳಿಚಿ ಸುಟ್ಟುಹೋಗುತ್ತದೆ.