ಹಿಮದ ಮೇಲೆ ಲಗೋರಿ: ಮಿನ್ನೆಸೋಟದ ಚಳಿಯಲ್ಲಿ ಮೂರು ದಿನ

"ಅಜ್ಜಿ, ಸ್ನೋ ಮೇಲೆ ಲಗೋರಿ ಆಡಬಹುದಾ?" ಅಂತ ಹಿಂದಿನ ಸೀಟಿನಿಂದ ಮಗಳು ಕೇಳಿದಾಗ ನಾವಿನ್ನೂ ಸೇಂಟ್ ಪಾಲ್ ದಾಟಿರಲಿಲ್ಲ. "ಯಾಕಾಗಲ್ಲ? ಏಳು ಕಲ್ಲಿದ್ರೆ ಆಯ್ತು" ಅಂದರು ಅತ್ತೆ. ಅವರು ತೀರ್ಥಹಳ್ಳಿಯಿಂದ ಬಂದು ನಾಲ್ಕು ತಿಂಗಳಾಗಿತ್ತು. ಅಲ್ಲಿಂದ ಶುರುವಾಯಿತು ನೋಡಿ. ಇಂಟರ್‌ಸ್ಟೇಟ್ 35 ಹೆದ್ದಾರಿಯಲ್ಲಿ ಹಿಂಕ್ಲಿ ಊರು ಮುಟ್ಟುವಷ್ಟರಲ್ಲಿ ಗೋಲಿ, ಕುಂಟಾಬಿಲ್ಲೆ, ಕಬಡ್ಡಿ, ಚಿನ್ನಿದಾಂಡು ಎಲ್ಲ ಪಟ್ಟಿಗೆ ಸೇರಿದ್ದವು. ಅದರಲ್ಲಿ ಒಂದು ಕೈಕೊಟ್ಟಿತು. ಉಳಿದವನ್ನು ಹಿಮಕ್ಕೆ ತಕ್ಕಂತೆ ತಿದ್ದಿಕೊಂಡೆವು.

ನಾವು ಹೋದದ್ದು ಒಂದು ಕುಟುಂಬ ನಡೆಸುವ ಹಳ್ಳಿ ಕಡೆಯ ಕ್ಯಾಂಪ್‌ಗ್ರೌಂಡಿಗೆ. ಬೇಸಿಗೆಯಲ್ಲಿ ಡೇರೆ, ಚಳಿಗಾಲದಲ್ಲಿ ಹೀಟರ್ ಇರುವ ನಾಲ್ಕು ಮರದ ಕ್ಯಾಬಿನ್ ಮಾತ್ರ. ಹತ್ತಿರದಲ್ಲೇ ಚಿಕ್ಕ ಕೆರೆ, ಅದರಾಚೆ ಅವರದೇ ಹೊಲ. ಮಿನ್ನೆಸೋಟದಲ್ಲಿ ಇಂಥ ಎಷ್ಟೋ ಜಾಗಗಳು ಅಕ್ಟೋಬರ್ ಆದಮೇಲೆ ಬಾಗಿಲು ಹಾಕುತ್ತವೆ. ಹಾಗಾಗಿ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ಹೀಟರ್ ಇದೆಯಾ, ನಲ್ಲಿಯಲ್ಲಿ ನೀರು ಬರುತ್ತಾ? ಪೈಪ್ ಒಡೆಯುತ್ತದೆಂದು ಚಳಿಗಾಲದಲ್ಲಿ ನೀರು ನಿಲ್ಲಿಸಿಬಿಡುತ್ತಾರೆ. ನಾವು ನೀರನ್ನು ಮನೆಯಿಂದಲೇ ಕ್ಯಾನಿನಲ್ಲಿ ಒಯ್ದೆವು. ಹೀಟರ್ ಬೇಕೆಂದರೆ ಸ್ಟೇಟ್ ಪಾರ್ಕುಗಳ ಕ್ಯಾಂಪರ್ ಕ್ಯಾಬಿನ್ನುಗಳನ್ನೂ ನೋಡಬಹುದು.

ಫೆಬ್ರವರಿಯ ಮೂರನೇ ಸೋಮವಾರದ ಪ್ರೆಸಿಡೆಂಟ್ಸ್ ಡೇ ರಜೆ ಈ ಪ್ರವಾಸಕ್ಕೆ ಒಳ್ಳೆಯದು. ಅಷ್ಟು ಹೊತ್ತಿಗೆ ಸಾಮಾನ್ಯವಾಗಿ ಕೆರೆ ಗಟ್ಟಿಯಾಗಿ ಹೆಪ್ಪುಗಟ್ಟಿರುತ್ತದೆ, ಸಂಜೆ ಐದೂವರೆವರೆಗೂ ಬೆಳಕಿರುತ್ತದೆ. ಡಿಸೆಂಬರಿನಲ್ಲಿ ಹೋದರೆ ನಾಲ್ಕೂವರೆಗೇ ಕತ್ತಲು. ಮಕ್ಕಳು ಬೂಟು, ಜಾಕೆಟ್ಟು ಹಾಕಿಕೊಳ್ಳುವಷ್ಟರಲ್ಲಿ ಆಟದ ಹೊತ್ತೇ ಮುಗಿದಿರುತ್ತದೆ.

ಈಗ ಆಟಕ್ಕೆ ಬರೋಣ. ಮೊದಲ ದಿನ ಮೈನಸ್ 15 ಡಿಗ್ರಿ ಸೆಲ್ಸಿಯಸ್. ಅಷ್ಟು ಚಳಿಯಲ್ಲಿ ಹಿಮ ಸಕ್ಕರೆ ಪುಡಿಯ ಹಾಗಿರುತ್ತದೆ, ಹಿಡಿದರೆ ಉಂಡೆಯಾಗುವುದಿಲ್ಲ. ಉಂಡೆ ಕಟ್ಟಬೇಕಾದರೆ ಶೂನ್ಯದ ಆಸುಪಾಸಿನ ಒದ್ದೆ ಹಿಮ ಬೇಕು. ಸ್ನೋಮ್ಯಾನ್ ಮಾಡುತ್ತೇವೆಂದು ಕುಣಿದುಕೊಂಡು ಹೋದ ಮಕ್ಕಳು ಮುಖ ಊದಿಸಿಕೊಂಡು ವಾಪಸ್ ಬಂದರು. ಆಗ ಕ್ಯಾಂಪಿನ ಅಜ್ಜ ಒಂದು ದಾರಿ ತೋರಿಸಿದರು. ಹಳೆಯ ಪ್ಲಾಸ್ಟಿಕ್ ಡಬ್ಬಗಳಲ್ಲಿ ಹಿಮ ಒತ್ತಿ ತುಂಬಿ, ಮೇಲೆ ನೀರು ಚಿಮುಕಿಸಿ ರಾತ್ರಿ ಹೊರಗಿಡಿ ಅಂದರು. ಬೆಳಿಗ್ಗೆ ಎದ್ದರೆ ಲಗೋರಿಗೆ ಏಳು ಬಿಲ್ಲೆ ಸಿದ್ಧ! ಡಬ್ಬಗಳನ್ನು ಒಂದೇ ಅಳತೆಯದು ಬೇಡ, ಚಿಕ್ಕದರಿಂದ ದೊಡ್ಡದರವರೆಗೆ ಒಯ್ಯಿರಿ. ಕೆಳಗೆ ದೊಡ್ಡದು ಇಟ್ಟರೆ ಮಾತ್ರ ಗೋಪುರ ನಿಲ್ಲುತ್ತದೆ, ಐಸು ಜಾರುತ್ತದಲ್ವಾ.

ಚೆಂಡಿನ ವಿಷಯದಲ್ಲಿ ನಾನು ಎಡವಿದೆ. ಟೆನಿಸ್ ಬಾಲ್ ತಂದಿದ್ದೆ. ಚಳಿಗೆ ರಬ್ಬರ್ ಬಿರುಸಾಗಿ ಅದು ಪುಟಿಯಲೇ ಇಲ್ಲ, ಬೆನ್ನಿಗೆ ಬಿದ್ದರೆ ಕಲ್ಲು ಬಿದ್ದ ಹಾಗೆ. ಅತ್ತೆ ಸುಮ್ನೆ ಒಳಗೆ ಹೋಗಿ, ಮೂರು ಕಾಲುಚೀಲ ಒಂದರೊಳಗೊಂದು ತುರುಕಿ, ಸೂಜಿದಾರ ಹಾಕಿ ಬಟ್ಟೆ ಚೆಂಡು ಮಾಡಿಕೊಟ್ಟರು. ಆಮೇಲೆ ಎರಡು ಗಂಟೆ ಯಾರೂ ಒಳಗೆ ಬರಲಿಲ್ಲ.

ಗೋಲಿಯಂತೂ ಎಲ್ಲಕ್ಕಿಂತ ಗೆದ್ದಿತು. ಬಲೂನಿಗೆ ನೀರು, ಎರಡು ಹನಿ ಅಡುಗೆ ಬಣ್ಣ ಹಾಕಿ ಗಂಟು ಕಟ್ಟಿ ಹೊರಗಿಟ್ಟರೆ ಬೆಳಿಗ್ಗೆಗೆ ಬಣ್ಣದ ಐಸ್ ಗುಂಡು. ರಬ್ಬರ್ ಸುಲಿದು ಎಸೆಯಿರಿ, ಹೊಲದಲ್ಲಿ ಬಿಟ್ಟು ಬರಬೇಡಿ. ಗುಂಡು ಮುಷ್ಟಿ ಗಾತ್ರ ಮೀರಬಾರದು. ನನ್ನ ಮಗ ತಲೆಯಷ್ಟು ದೊಡ್ಡದು ಮಾಡಲು ಹೋದ. ಒಳಗಿನ ನೀರು ಹೆಪ್ಪಾಗಿರಲಿಲ್ಲ. ಅದು ಒಡೆದು ಕೈಗವಸೆಲ್ಲ ಕೆಂಪು, ಒದ್ದೆ. ಒದ್ದೆ ಕೈಗವಸು ಅಂದರೆ ಅಲ್ಲಿಗೆ ಆಟ ಬಂದ್. ತಲೆಗೆ ಮೂರು ಜೊತೆ ಕೈಗವಸು ಒಯ್ಯಿರಿ, ಅದು ಜಾಸ್ತಿ ಅಲ್ಲ.

ಕುಂಟಾಬಿಲ್ಲೆಯ ಮನೆಗಳನ್ನು ಸ್ಪ್ರೇ ಬಾಟಲಿಯಲ್ಲಿ ಬಣ್ಣದ ನೀರು ಹಾಕಿ ಎಳೆದೆವು. ಸ್ನೋ ಬೂಟಿನಲ್ಲಿ ಕುಂಟುವುದನ್ನು ನೋಡಿಯೇ ಅರ್ಧ ಮಜಾ. ಚಿನ್ನಿದಾಂಡಿನದು ಮಾತ್ರ ಸೋಲು: ಮೊದಲ ಏಟಿಗೇ ಚಿನ್ನಿ ಹಿಮದೊಳಗೆ ಹೂತುಹೋಯಿತು, ಇವತ್ತಿಗೂ ಅಲ್ಲೇ ಇದೆ. ಆಡಲೇಬೇಕೆಂದಿದ್ದರೆ ಚಿನ್ನಿಗೆ ಉದ್ದನೆಯ ಕೆಂಪು ರಿಬ್ಬನ್ ಕಟ್ಟಿ.

ಇನ್ನು ಕಬಡ್ಡಿ. ಮೊಣಕಾಲುದ್ದ ಹಿಮದಲ್ಲಿ ಬಿದ್ದರೆ ನೋವಿಲ್ಲ, ಹಿಡಿದರೆ ಬಿಡಿಸಿಕೊಳ್ಳಲು ಆಗುವುದಿಲ್ಲ. ಅತ್ತೆಯೇ ಅಂಪೈರ್. "ಉಸಿರು ಬಿಟ್ಟ, ಔಟ್! ಬಾಯಿಂದ ಎರಡು ಸಲ ಹೊಗೆ ಬಂತು!" ಅಂತ ಕುರ್ಚಿಯಿಂದಲೇ ಕೂಗುತ್ತಿದ್ದರು. ಮೋಸ ಮಾಡಲು ದಾರಿಯೇ ಇಲ್ಲ. ಆದರೆ ಆಸ್ತಮಾ ಇರುವ ಮಕ್ಕಳಿಗೆ ಈ ಆಟ ಬೇಡ. ಒಣ ಚಳಿಗಾಳಿ ಜೋರಾಗಿ ಎಳೆದರೆ ನಮಗೇ ಕೆಮ್ಮು ಬರುತ್ತದೆ.

ಇದೆಲ್ಲ ನೋಡಿ ಕ್ಯಾಂಪಿನ ಅಜ್ಜ ತಮ್ಮ ಕಡೆಯ ಒಂದು ಆಟದ ಬಗ್ಗೆ ಹೇಳಿದರು. ಅದರ ಹೆಸರು ಸ್ನೋ ಸ್ನೇಕ್. ಒಜಿಬ್ವೆ ಮತ್ತಿತರ ಮೂಲನಿವಾಸಿ ಜನರ ಹಳೆಯ ಆಟ. ಹಿಮದಲ್ಲಿ ಉದ್ದನೆಯ ಕಾಲುವೆ ಮಾಡಿ, ನಯಗೊಳಿಸಿದ ಕೋಲನ್ನು ಅದರೊಳಗೆ ಜಾರಿಸಿ ಬಿಡುವುದು. ಯಾರದು ದೂರ ಹೋಗುತ್ತದೋ ಅವರು ಗೆದ್ದರು. ನಾವು ಮುರಿದ ಸ್ಕೀ ಕೋಲಿನಲ್ಲಿ ಆಡಿದೆವು. ಗೆದ್ದದ್ದು ಎಂಟು ವರ್ಷದವಳು.

ಕೆರೆಯ ಮೇಲೆ ಇಳಿಯುವ ಮುಂಚೆ ಒಂದು ಮಾತು. ನಡೆಯಲು ಕನಿಷ್ಠ 4 ಇಂಚು, ಸ್ನೋಮೊಬೈಲಿಗೆ 5ರಿಂದ 7 ಇಂಚು ಗಟ್ಟಿ ಐಸ್ ಇರಬೇಕೆಂದು ರಾಜ್ಯದ ಪ್ರಕೃತಿ ಸಂಪನ್ಮೂಲ ಇಲಾಖೆಯ ಸಲಹೆ. ಕಣ್ಣಂದಾಜು ಬೇಡ. ಅಜ್ಜ ತೂತು ಕೊರೆದು ಟೇಪ್ ಇಳಿಸಿ ಅಳೆದು ತೋರಿಸಿದ ಮೇಲೇ ನಾವು ಕಾಲಿಟ್ಟದ್ದು. ತೊರೆ ಬಂದು ಸೇರುವ ಕಡೆ ಐಸ್ ತೆಳ್ಳಗಿರುತ್ತದೆ, ಅತ್ತ ಹೋಗಲೇಬೇಡಿ.

ಥರ್ಮಾಮೀಟರಿಗಿಂತ ಗಾಳಿಯನ್ನು ಗಮನಿಸಿ. ವಿಂಡ್ ಚಿಲ್ (ಗಾಳಿ ಸೇರಿ ಮೈಗೆ ತಟ್ಟುವ ಚಳಿ) ಮೈನಸ್ 28 ಸೆಲ್ಸಿಯಸ್ ಹತ್ತಿರ ಹೋದರೆ ತೆರೆದ ಚರ್ಮಕ್ಕೆ ಅರ್ಧ ಗಂಟೆಯಲ್ಲಿ ಫ್ರಾಸ್ಟ್‌ಬೈಟ್ (ಚರ್ಮ ಹೆಪ್ಪುಗಟ್ಟಿ ಆಗುವ ಗಾಯ) ಆಗಬಹುದು. ಎರಡನೇ ದಿನ ಮಧ್ಯಾಹ್ನ ಗಾಳಿ ಎದ್ದಾಗ ಆಟ ನಿಲ್ಲಿಸಿ ಒಳಗೆ ಚೌಕಾಬಾರ ಹಾಸಿದೆವು. ಒಳಗಿನ ಉಡುಪು ಹತ್ತಿಯದು ಬೇಡ. ಬೆವರು ಹೀರಿ ತಣ್ಣಗಾಗುತ್ತದೆ. ಉಣ್ಣೆಯದೇ ಇರಲಿ. ಕ್ಯಾಬಿನ್ ಬೆಚ್ಚಗಿರಲಿ ಎಂದು ಅತ್ತೆ ಅಗ್ಗಿಷ್ಟಿಕೆಯ ಹಾಗೆ ಇದ್ದಿಲು ಉರಿಸೋಣ ಅಂದರು. ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣಕ್ಕೇ ಕುತ್ತು, ಅದರಿಂದ ಏಳುವ ಕಾರ್ಬನ್ ಮೊನಾಕ್ಸೈಡ್ ವಿಷಾನಿಲಕ್ಕೆ ವಾಸನೆಯೂ ಇಲ್ಲ. ಸೌದೆಯನ್ನು ಮನೆಯಿಂದ ಒಯ್ಯಬೇಡಿ, ಅಲ್ಲೇ ಕೊಳ್ಳಿ. 2009ರಲ್ಲಿ ಸೇಂಟ್ ಪಾಲ್‌ನಲ್ಲಿ ಸಿಕ್ಕ, ಆ್ಯಶ್ ಮರ ಕೊಲ್ಲುವ ಹಸಿರು ಹುಳ ದೂರದೂರಕ್ಕೆ ಹರಡುವುದು ಹೆಚ್ಚಾಗಿ ಹೀಗೆ ಸಾಗಿಸಿದ ಸೌದೆಯಿಂದ.

ಊಟಕ್ಕೆ ಹುರಿದ ರವೆ, ಪುಳಿಯೋಗರೆ ಗೊಜ್ಜು, ಸಾರಿನ ಪುಡಿ ಸಾಕು. ಇಡ್ಲಿ ಹಿಟ್ಟು ಅಲ್ಲಿ ಉಬ್ಬುವುದಿಲ್ಲ, ಕೇಳಬೇಡಿ ನನಗೆ ಹೇಗೆ ಗೊತ್ತು ಅಂತ. ಕೊನೆಯ ರಾತ್ರಿ ಕ್ಯಾಂಪಿನವರು ಮೇಪಲ್ ಸಿರಪ್ ಕುದಿಸಿ ಶುಭ್ರ ಹಿಮದ ಮೇಲೆ ಸುರಿದರು. ಅದು ತಕ್ಷಣ ಅಂಟು ಮಿಠಾಯಿಯಾಯಿತು. ಅತ್ತೆ ಒಂದು ಎಳೆ ಬೆರಳಲ್ಲಿ ಹಿಡಿದು, "ಪಾಕ ಸರಿಯಾಗಿದೆ" ಅಂದರು, ಆಲೆಮನೆಯಲ್ಲಿ ನಿಂತವರ ಹಾಗೆ.

ಕ್ಯಾಬಿನ್ ನಾಲ್ಕೇ ಇರುವುದರಿಂದ ಮುಂದಿನ ವರ್ಷಕ್ಕೆ ಆಗಲೇ ಹೇಳಿ ಬಂದಿದ್ದೇವೆ. ಅತ್ತೆ ಊರಿಂದ ಬುಗುರಿ ತರುತ್ತಾರಂತೆ. ಕೆರೆಯ ಐಸಿನ ಮೇಲೆ ಅದು ಎಷ್ಟು ಹೊತ್ತು ತಿರುಗುತ್ತದೆ ಅಂತ ನೋಡಬೇಕಂತೆ.