ಪಿ.ಡಿ. ಸರ್ ಹೇಳಿದ ಸ್ಪ್ರಿಂಗ್‌ಫೀಲ್ಡ್ ಕತೆ

ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದೇ ಚಳಿಗಾಲದಲ್ಲಿ ಮೈದಾನಕ್ಕೆ ಇಳಿಯಲಾಗದ ಕಾಲೇಜು ಹುಡುಗರಿಗಾಗಿ. ಇದನ್ನು ನನಗೆ ಹೇಳಿದವರು ನಮ್ಮ ಪಿ.ಡಿ. ಸರ್, ಅಂದರೆ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು. ಮಳೆಗಾಲದಲ್ಲಿ ನಮ್ಮ ಮಣ್ಣಿನ ಕೋರ್ಟು ಕೆಸರಾಗಿ ಆಟ ನಿಂತರೆ, ಸ್ಪೋರ್ಟ್ಸ್ ರೂಮಿನಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಆಟಗಳ ಚರಿತ್ರೆ ಹೇಳುತ್ತಿದ್ದರು. "ಬರೀ ಬಾಲ್ ಹಾಕೋದು ಕಲಿತರೆ ಸಾಲದು ಕಣ್ರಯ್ಯಾ, ಆಟ ಎಲ್ಲಿಂದ ಬಂತು ಅಂತಲೂ ಗೊತ್ತಿರಬೇಕು" ಅನ್ನೋರು.

1891ರ ಚಳಿಗಾಲ. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರಿನ ವೈ.ಎಂ.ಸಿ.ಎ. (ಕ್ರೈಸ್ತ ಯುವಕರ ಸಂಘ) ತರಬೇತಿ ಶಾಲೆ. ಆಗಿನ ಅಲ್ಲಿನ ಕಾಲೇಜು ಹುಡುಗರಿಗೆ ಫುಟ್‌ಬಾಲ್, ಬೇಸ್‌ಬಾಲ್ ಅಂದರೆ ಪ್ರಾಣ. ಅವರ ಫುಟ್‌ಬಾಲ್ ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಹಿಮ ಬೀಳುವ ತಿಂಗಳುಗಳಲ್ಲಿ ಮಾತ್ರ ಜಿಮ್ನೇಷಿಯಂ ಒಳಗೆ ಕವಾಯತು. ಮೈಮೇಲೆ ಬಿದ್ದು ಆಡಿದವರಿಗೆ ಕೈ ಎತ್ತು, ಕೈ ಇಳಿಸು ಅಂದರೆ ರುಚಿಸೀತೇ? ಒಂದು ತರಗತಿಯ 18 ಮಂದಿ ಇಬ್ಬರು ಮೇಷ್ಟ್ರುಗಳನ್ನು ಸುಸ್ತು ಮಾಡಿ ಕಳಿಸಿದ್ದರು. ಮುಖ್ಯಸ್ಥ ಲೂಥರ್ ಗುಲಿಕ್ ಆ ತರಗತಿಯನ್ನು ಜೇಮ್ಸ್ ನೈಸ್ಮಿತ್ ಎಂಬ 30 ವರ್ಷದ ಶಿಕ್ಷಕರಿಗೆ ಒಪ್ಪಿಸಿದರು. ಒಳಗೇ ಆಡುವಂಥ ಹೊಸ ಆಟ ಹುಡುಕಲು ಕೊಟ್ಟದ್ದು ಎರಡೇ ವಾರ.

ನೈಸ್ಮಿತ್ ಫುಟ್‌ಬಾಲನ್ನೂ ಬಲೆ ಕಟ್ಟಿದ ಕೋಲಿನಿಂದ ಚೆಂಡು ಹಿಡಿದು ಎಸೆಯುವ ಲಕ್ರಾಸನ್ನೂ ಒಳಗೆ ತಂದು ನೋಡಿದರು. ಆಗಲಿಲ್ಲ. ಆಮೇಲೆ ಯೋಚಿಸಿದರು: ಚೆಂಡು ಹಿಡಿದು ಓಡುವುದರಿಂದ ತಾನೇ ಎಳೆದು ಬೀಳಿಸೋದು? ಓಡುವಂತಿಲ್ಲ ಅಂದುಬಿಟ್ಟರೆ? ಗೋಲನ್ನು ತಲೆಯ ಮೇಲೆ ಇಟ್ಟರೆ ಬಲ ಹಾಕಿ ಎಸೆದು ಉಪಯೋಗವಿಲ್ಲ, ಹದವಾಗಿ ಮೇಲಕ್ಕೆ ಎಸೆಯಬೇಕು. ಕೆನಡಾದ ಹಳ್ಳಿಯಲ್ಲಿ ಚಿಕ್ಕವರಿದ್ದಾಗ ಬಂಡೆಯ ಮೇಲಿಟ್ಟ ಕಲ್ಲನ್ನು ಕಲ್ಲೆಸೆದು ಬೀಳಿಸುವ ಆಟ ಆಡಿದ್ದರು, ನಮ್ಮ ಲಗೋರಿಯ ದಾಯಾದಿ ಅನ್ನಬಹುದು. ಹದವಾದ ಎಸೆತದ ಯೋಚನೆ ಬಂದದ್ದು ಅದರಿಂದ.

ಕಟ್ಟಡ ನೋಡಿಕೊಳ್ಳುವವನನ್ನು ಎರಡು ಪೆಟ್ಟಿಗೆ ಕೇಳಿದರೆ ಅವನ ಹತ್ತಿರ ಇದ್ದದ್ದು ಪೀಚ್ ಹಣ್ಣಿನ ಬುಟ್ಟಿ. ಅವನ್ನೇ ಬಾಲ್ಕನಿಯ ಕಂಬಿಗೆ ಮೊಳೆ ಹೊಡೆದು ಕೂರಿಸಿದರು. ಆ ಎತ್ತರ 10 ಅಡಿ. ಇವತ್ತಿಗೂ ರಿಂಗ್ ಇರೋದು ಅಷ್ಟೇ ಎತ್ತರಕ್ಕೆ, ಅಲ್ವಾ? 13 ನಿಯಮಗಳನ್ನು ಬೋರ್ಡಿಗೆ ಅಂಟಿಸಿ, ಒಂದೊಂದು ಕಡೆ 9 ಮಂದಿಯಂತೆ ಆಡಿಸಿದರು. ಬುಟ್ಟಿಗೆ ತಳ ಇತ್ತು. ಚೆಂಡು ಬಿದ್ದರೆ ಏಣಿ ಹತ್ತಿ ತೆಗೆಯಬೇಕು. ಮೊದಲ ಪಂದ್ಯದಲ್ಲಿ ಬಿದ್ದದ್ದು ಒಂದೇ ಗೋಲು, ಹಾಕಿದವನು ವಿಲಿಯಂ ಚೇಸ್ ಎಂಬ ವಿದ್ಯಾರ್ಥಿ.

ನಮ್ಮ ಹುಡುಗರು ಮತ್ತೆ ಮತ್ತೆ ಹೇಳಿಸಿಕೊಳ್ಳುತ್ತಿದ್ದದ್ದು 1892ರ ಮಾರ್ಚ್ 11ರ ಪಂದ್ಯದ ಕತೆ. ಜನರ ಎದುರು ಮೇಷ್ಟ್ರುಗಳಿಗೂ ವಿದ್ಯಾರ್ಥಿಗಳಿಗೂ ಆಟ! ವಿದ್ಯಾರ್ಥಿಗಳು 5-1ರಿಂದ ಗೆದ್ದರು. ಮೇಷ್ಟ್ರುಗಳ ಆ ಒಂದು ಗೋಲು ಹಾಕಿದವರು ಅಮೋಸ್ ಅಲೊಂಜೊ ಸ್ಟ್ಯಾಗ್, ಮುಂದೆ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಫುಟ್‌ಬಾಲ್ ಕೋಚ್ ಆಗಿ ದೊಡ್ಡ ಹೆಸರು ಮಾಡಿದವರು. ಕೇಳಿದ ಮೇಲೆ ನಾವೂ ಲೆಕ್ಚರರುಗಳನ್ನು ಪಂದ್ಯಕ್ಕೆ ಕರೆದೆವು. ಅವರು ಖುಷಿಯಿಂದಲೇ ಬಂದರು.

ನನಗೆ ಜಾಸ್ತಿ ಹಿಡಿಸಿದ್ದು ಸ್ಪ್ರಿಂಗ್‌ಫೀಲ್ಡಿಗೆ ಹತ್ತಿರದ ಸ್ಮಿತ್ ಕಾಲೇಜಿನ ಹುಡುಗಿಯರ ಕತೆ. ಅಲ್ಲಿನ ಶಿಕ್ಷಕಿ ಸೆಂಡಾ ಬೆರೆನ್ಸನ್ ಹೊಸ ಆಟದ ಸುದ್ದಿ ಓದಿದ್ದೇ ತಮ್ಮ ವಿದ್ಯಾರ್ಥಿನಿಯರಿಗೆ ಕಲಿಸಿದರು. 1893ರ ಮಾರ್ಚ್‌ನಲ್ಲಿ ಮೊದಲ ಮತ್ತು ಎರಡನೆಯ ವರ್ಷದವರ ನಡುವೆ ಪಂದ್ಯ. ಗಂಡಸರಿಗೆ ಒಳಗೆ ಬಿಡಲಿಲ್ಲ. ಹೆಂಗಸರು ಇಷ್ಟು ಓಡಾಡಿದರೆ ಆರೋಗ್ಯ ಕೆಡುತ್ತೆ ಅಂತ ಓದಿದವರೇ ಹೇಳುತ್ತಿದ್ದ ಕಾಲ ಅದು. ನಮ್ಮ ಕಾಲೇಜಿನಲ್ಲಿ ಹುಡುಗಿಯರ ಟೀಮು ಕಟ್ಟುವಾಗ ಸರ್ ಮನೆಮನೆಗೆ ಹೋಗಿ ಅಪ್ಪ ಅಮ್ಮಂದಿರಿಗೆ ಸ್ಮಿತ್ ಹುಡುಗಿಯರ ಈ ಕತೆಯನ್ನೇ ಹೇಳಿ ಒಪ್ಪಿಸಿದರು.

ಸ್ಪ್ರಿಂಗ್‌ಫೀಲ್ಡಿನಲ್ಲಿ ಕಲಿತ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದ್ರಾಸಿನಲ್ಲಿ ದೈಹಿಕ ಶಿಕ್ಷಣದ ಕಾಲೇಜು ತೆರೆದರು. ನಮ್ಮ ಸರ್ ಓದಿದ್ದು ಅಲ್ಲಿಯೇ. ನಮಗೆ ಚೆಸ್ಟ್ ಪಾಸ್ (ಎದೆಮಟ್ಟದಿಂದ ಚೆಂಡು ದಾಟಿಸುವುದು) ಹೇಳಿಕೊಟ್ಟ ಆ ಗುರುವಿಗೂ ನೈಸ್ಮಿತ್ ಅವರ ಶಾಲೆಗೂ ಇರುವ ನಂಟು ಇದು. ಈಗ ಕೋರ್ಟಿಗೆ ಸಿಮೆಂಟು ಹಾಕಿದ್ದಾರೆ, ಮಳೆ ನಿಂತ ಅರ್ಧ ಗಂಟೆಗೇ ಆಟ ಶುರುವಾಗುತ್ತದೆ. ಸ್ಪೋರ್ಟ್ಸ್ ರೂಮಿನಲ್ಲಿ ಕೂತು ಕತೆ ಕೇಳುವ ಪುರುಸೊತ್ತು ಈಗಿನ ಟೀಮಿಗೆ ಸಿಗುವುದಿಲ್ಲ. ಅದಕ್ಕೇ ಇದನ್ನು ಮ್ಯಾಗಜೀನಿಗೆ ಬರೆದು ಕಳಿಸಿದ್ದೇನೆ.